ಫೆಲ್ಥಮ್‌ನಲ್ಲಿ ಮಣ್ಣೆತ್ತಿನ ಅಮಾವಾಸ್ಯೆ

ಉಂಗುರ ಕಾಣೆಯಾಗಿದೆ ಎಂದು ಗೊತ್ತಾದದ್ದು ಕಡಬು ಉಂಡು ಕೈ ತೊಳೆದ ಮೇಲೆ.

ಬೆಳಿಗ್ಗೆ ಕಣಕ ನಾದುವ ಮೊದಲು ಗುರುದೇವಿ ಅದನ್ನು ಬೆರಳಿನಿಂದ ತೆಗೆದು, ಅಡುಗೆಮನೆಯ ಕಿಟಕಿಕಟ್ಟೆಯ ಮೇಲಿದ್ದ ಸ್ಟೀಲ್ ಬಟ್ಟಲಿಗೆ ಹಾಕಿದ್ದಳು. ಈಗ ಬಟ್ಟಲಿತ್ತು. ಉಂಗುರ ಇರಲಿಲ್ಲ. ಬಟ್ಟಲನ್ನು ಬೋರಲು ಹಾಕಿ ನೋಡಿದಳು. ಕಿಟಕಿಕಟ್ಟೆ ಒರೆಸಿ ನೋಡಿದಳು. ಆಮೇಲೆ ಗಂಡನನ್ನು ಕೂಗಿದಳು.

ಗುರುದೇವಿಯ ಗಂಡ ಜಗದೇವಪ್ಪ ಬಿಜಾಪುರದ ಕಡೆಯವನು. ಹೀಥ್ರೋ ವಿಮಾನ ನಿಲ್ದಾಣದ ಸರಕು ವಿಭಾಗದಲ್ಲಿ ಕೆಲಸ ಮಾಡುತ್ತ ಫೆಲ್ಥಮ್‌ನಲ್ಲೇ ತಲೆ ನರೆಸಿಕೊಂಡಿದ್ದ. ಉಂಗುರ ಅವನ ತಾಯಿಯದು. ನಡುವೆ ಕೆಂಪು ಹರಳು, ಸುತ್ತ ವಜ್ರ. ಮಂಗಳವಾರದ ವಿಮಾನದಲ್ಲಿ ಅದು ಬಿಜಾಪುರಕ್ಕೆ ಹೋಗಬೇಕಿತ್ತು. ಮಗ ಅಮರನಿಗೆ ಅಲ್ಲೊಂದು ಹುಡುಗಿಯನ್ನು ಗೊತ್ತುಮಾಡಿದ್ದರು. ಉಂಗುರ ಅವಳ ಬೆರಳಿಗೆ ಏರಿದರೆ ಮಾತು ಗಟ್ಟಿಯಾದಂತೆ.

ಒಯ್ಯಬೇಕಾಗಿದ್ದವಳು ಜಗದೇವಪ್ಪನ ಅಕ್ಕ ನಾಗವ್ವ. ಅವಳೂ ಗಂಡ ಶಾಂತಪ್ಪನೂ ಲಂಡನ್ ನೋಡಲು ಬಂದು ಪ್ರವಾಸದ ಕೊನೆಯ ದಿನಗಳಲ್ಲಿದ್ದರು. ಸೇತುವೆ ನೋಡಿದ್ದಾಗಿತ್ತು, ಕೋಟೆ ನೋಡಿದ್ದಾಗಿತ್ತು, ಅರಮನೆಯ ಮುಂದೆ ಕರಡಿ ತೊಗಲಿನ ಟೋಪಿಯ ಕಾವಲುಗಾರನ ಪಕ್ಕ ನಿಂತು ಫೋಟೊ ತೆಗೆಸಿದ್ದಾಗಿತ್ತು. ಇನ್ನು ಸೂಟ್‌ಕೇಸಿಗೆ ಚಾಕಲೇಟು ತುಂಬುವುದು, ಸೋಮವಾರ ಗ್ರೀನಿಚ್‌ಗೆ ಹೋಗಿ ಬರುವುದು, ಮಿಕ್ಕಂತೆ ಹಿತ್ತಲಿನ ಕುರ್ಚಿಯಲ್ಲಿ ಕಾಲು ಚಾಚಿ ಕೂರುವುದು. ಶಾಂತಪ್ಪನ ಆಸೆ ಅಷ್ಟೇ. ನಿವೃತ್ತ ಸರ್ಕಲ್ ಇನ್ಸ್‌ಪೆಕ್ಟರ್ ಅವನು. ರಜೆಯಲ್ಲೂ ಪಾಪದವನಿಗೆ ಕಳ್ಳತನ ಎದುರಾಯಿತು.

'ಮಾವಾರ, ನೀವs ನೋಡ್ರಿ' ಎಂದು ಜಗದೇವಪ್ಪ ಬಾಗಿಲಲ್ಲಿ ನಿಂತ.

ಶಾಂತಪ್ಪ ಕುರ್ಚಿಯಿಂದ ಎದ್ದ. ಒಳಗೊಳಗೇ ಖುಷಿಯಾಗಿತ್ತು ಅವನಿಗೆ, ನಿಜ ಹೇಳಬೇಕೆಂದರೆ.

*

ಮೊದಲು ಸಿಂಕಿನ ಕೆಳಗಿನ ಪೈಪು ಬಿಚ್ಚಿಸಿದ. ಕಟ್ಟಿಕೊಂಡಿದ್ದ ಹೂರಣ ಬಂತು, ಉಂಗುರ ಬರಲಿಲ್ಲ. ಕಸದ ಚೀಲವನ್ನು ಹಿತ್ತಲಿನಲ್ಲಿ ಸುರಿಸಿದ. ಮಿಕ್ಕ ಕಣಕವನ್ನು ಮತ್ತೆ ಹಿಸುಕಿಸಿದ. ಆಮೇಲೆ ಎಲ್ಲರಿಗೂ ಕೇಳುವಂತೆ, ಇನ್ನು ಒಂದೊಂದೇ ಕೋಣೆ, ಅದಾದ ಮೇಲೆ ಒಬ್ಬೊಬ್ಬರದೇ ಕಿಸೆ, ಯಾರೂ ಮನೆ ಬಿಟ್ಟು ಕದಲಬಾರದು ಎಂದು ಠಾಣೆಯ ಗತ್ತಿನಲ್ಲಿ ಸಾರಿದ. ಅರ್ಧ ತಮಾಷೆ, ಅರ್ಧ ಅಭ್ಯಾಸ. ಅಮರ ನಕ್ಕ. ಆಮೇಲೆ ತನ್ನ ಸರದಿ ಬಂದಾಗ ಕಿಸೆಗಳನ್ನು ಹೊರಗೆ ಎಳೆದು ತೋರಿಸಿದ. ಎಲ್ಲಿಯೂ ಏನೂ ಸಿಗಲಿಲ್ಲ.

ಉಳಿದದ್ದು ಮಾಳಿಗೆಯ ಸಣ್ಣ ಕೋಣೆ. ಅಲ್ಲಿ ಬಾಡಿಗೆಗಿದ್ದವನು ಕುಂದಾಪುರದ ಸಂಪತ್. ವಿಮಾನಗಳಿಗೆ ಊಟದ ಟ್ರೇ ತುಂಬುವ ಕೆಲಸ ಅವನದು. ಬೆಳಿಗ್ಗೆ ಅಡುಗೆಮನೆಗೆ ಬಂದು, ಅದೇ ಕಿಟಕಿಯ ಪಕ್ಕದ ನಲ್ಲಿಯಲ್ಲಿ ನೀರಿನ ಬಾಟಲಿ ತುಂಬಿಕೊಂಡು ಡಬಲ್ ಶಿಫ್ಟಿಗೆ ಹೊರಟಿದ್ದ. ನಾಗವ್ವ ಪೂಜೆ ಮುಗಿಸಿ ಕಡಬು ತಿಂದು ಹೋಗು ಎಂದು ಎಷ್ಟು ಹೇಳಿದರೂ, ಬಸ್ಸು ತಪ್ಪುತ್ತದೆಂದು ನಿಲ್ಲಲಿಲ್ಲ.

ಜಗದೇವಪ್ಪನ ಪಾಲಿಗೆ ಅಷ್ಟು ಸಾಕಾಯಿತು. ಇನ್ನೊಂದು ಕೀಲಿ ತಂದು ಆ ಕೋಣೆ ತೆರೆದ. ಹಾಸಿಗೆ ಮಗುಚಿದ. ಬ್ಯಾಗಿನ ಬಟ್ಟೆಗಳನ್ನು ನೆಲಕ್ಕೆ ಹಾಕಿದ. ಶಾಂತಪ್ಪ ಬೇಡವೆಂದ. ಆದರೆ ಕೈ ಹಿಡಿದು ತಡೆಯಲಿಲ್ಲ. ಅಲ್ಲಿಯೂ ಉಂಗುರ ಸಿಗಲಿಲ್ಲ. ಸಿಗದಿದ್ದುದೇ ಜಗದೇವಪ್ಪನಿಗೆ ಪುರಾವೆಯಾಯಿತು. ಒಯ್ದಿದ್ದಾನೆ, ಇಷ್ಟೊತ್ತಿಗೆ ದಾಟಿಸಿರುತ್ತಾನೆ ಎಂದ.

ಸಂಜೆ ನಾಗವ್ವ ದೇವರಿಗೆ ದೀಪ ಹಚ್ಚಲು ಹೋದಳು. ಶನಿವಾರ ಅವಳು ಹಿತ್ತಲು ಅಗೆದು ಜಿಗುಟು ಮಣ್ಣು ತಂದು ಎತ್ತಿನ ಜೋಡಿ ಮಾಡಿದ್ದಳು, ಜೊತೆಗೆ ಅವುಗಳ ಮೇವಿಗೊಂದು ಗ್ವಾದಲಿ. ಲಂಡನ್ ಮಣ್ಣು ಎತ್ತು ಮಾಡಲಿಕ್ಕೆ ಹೇಳಿ ಮಾಡಿಸಿದ್ದು ಎಂದು ಅವಳ ತೀರ್ಮಾನ. ದೇವರ ಗೂಡು ಕೆಳಗಿನ ಹಾಲ್‌ನಲ್ಲಿ, ಬಿಸಿಲು ಬೀಳುವ ಕಿಟಕಿಯ ಹತ್ತಿರ. ಅಲ್ಲಿ ನಿಂತು ಅವಳು ಗೊಣಗಿದಳು, ತನ್ನ ಎತ್ತಿನ ಮೈಮೇಲಿನ ವಿಭೂತಿ ಯಾರು ಅಳಿಸಿದರೆಂದು. ಶಾಂತಪ್ಪನಿಗೂ ಕೇಳಿಸಿತ್ತು. ಹೆಂಡತಿಯ ಗೊಣಗಾಟವನ್ನು ಸಾಕ್ಷ್ಯವಾಗಿ ತೆಗೆದುಕೊಳ್ಳುವ ಅಭ್ಯಾಸ ಅವನಿಗಿರಲಿಲ್ಲ.

*

ಸೋಮವಾರ ಬೆಳಿಗ್ಗೆ ಸಂಪತ್ ಬಂದ. ಮಾಳಿಗೆಗೆ ಹೋದವನು ಚೆಲ್ಲಾಪಿಲ್ಲಿಯಾದ ಕೋಣೆ ನೋಡಿ ಹಾಗೆಯೇ ಕೆಳಗಿಳಿದ. ಜಗದೇವಪ್ಪ ಹಾಲಿನಲ್ಲೇ ಕಾದಿದ್ದ. ಸಂಜೆಯೊಳಗೆ ಉಂಗುರ ಬಂದರೆ ಸರಿ, ಇಲ್ಲದಿದ್ದರೆ ಪೊಲೀಸರಿಗೆ ಫೋನು ಎಂದ. ನೀರು ತುಂಬಿಕೊಂಡೆ, ಹೋದೆ, ಬಟ್ಟಲನ್ನು ನೋಡಿಯೇ ಇಲ್ಲ ಎಂದು ಸಂಪತ್ ಹೇಳಿದ. ಅಮರ ಟೀವಿಯ ಮುಂದೆ ಕೂತಿದ್ದ, ತಿರುಗಲಿಲ್ಲ.

ಶಾಂತಪ್ಪ ಗ್ರೀನಿಚ್ ಬಿಟ್ಟು ಹಿತ್ತಲಿನಲ್ಲಿ ಕೂತ. ಸಂಪತ್ ಅಲ್ಲಿಗೇ ಬಂದ.

'ಅಂಕಲ್, ಕಂಪ್ಲೇಂಟ್ ಆದ್ರೆ ಮೊದ್ಲು ಏರ್‌ಪೋರ್ಟ್ ಪಾಸ್ ಹಿಡ್ಕೊಳ್ತಾರೆ. ಕಳ್ಳ ಹೌದಾ ಅಲ್ವಾ ಅಂತ ಆಮೇಲೆ ನೋಡುದು. ಪಾಸ್ ಇಲ್ಲದಿದ್ರೆ ಕೆಲ್ಸ ಇಲ್ಲ. ಕೆಲ್ಸ ಇಲ್ಲದಿದ್ರೆ ವೀಸಾ ಇಲ್ಲ. ಮತ್ತೆ ಊರಲ್ಲಿ ಎಂತ ಹೇಳುದು ನಾನು?'

ಅವನ ದನಿ ಏರಲಿಲ್ಲ. ನಿದ್ದೆಗೆಟ್ಟ ಕಣ್ಣು ಕೆಂಪಾಗಿತ್ತು. ಶಾಂತಪ್ಪನಿಗೆ ಸಂಕಟವಾಯಿತು. ಅನುಮಾನ ಬಿದ್ದವನ ಮುಖ ಅವನು ಬೇಕಾದಷ್ಟು ನೋಡಿದ್ದ. ಈ ಮುಖ ಬೇರೆಯದು ಅನಿಸಿತು. ಆದರೆ ಅನಿಸಿಕೆಯಿಂದ ಜಗದೇವಪ್ಪ ಫೋನು ಕೆಳಗಿಡುವುದಿಲ್ಲ.

ಅಷ್ಟರಲ್ಲಿ ನಾಗವ್ವ ಅರಳಿದ ಮುಖದಿಂದ ಚಹಾ ತಂದಳು.

'ನೋಡ್ರಿ, ಹುಡುಗಗ ನಮ್ಮ ಪದ್ಧತಿ ಮ್ಯಾಲ ಈಗ ಪ್ರೀತಿ ಹುಟ್ಟೈತಿ' ಎಂದಳು. 'ಅತ್ತಿ, ಎತ್ತು ನನ್ನ ರೂಮಿನ್ಯಾಗ ಇಟ್ಕೊಳ್ಳಲಾ ಅಂತ ಕೇಳಿದ ಅಮರ.'

'ನೀ ಏನಂದಿ?'

'ಮನ್ಯಾಗ ಇಟ್ಕೊಳ್ಳಂಗಿಲ್ಲಪಾ, ಪೂಜಿ ಆದ ಮರುದಿನ ನೀರಿಗೆ ಬಿಡಬೇಕು, ಇವತ್ತ ಸಂಜಿಗೆ ಕೆರಿಗೆ ಒಯ್ತೀನಿ ಅಂದೆ. ಮಾರಿ ಸಣ್ಣ ಮಾಡಿದ. ಹಂಗಾರ ನಾನs ಕಾರಿನ್ಯಾಗ ಹೋಗಿ ಬಿಟ್ಟು ಬರ್ತೀನಿ, ನೀವು ಪ್ಯಾಕ್ ಮಾಡ್ಕೋರಿ ಅಂದ. ಪಾಪ.'

ಶಾಂತಪ್ಪ ಚಹಾದ ಕಪ್ಪನ್ನು ಹಾಗೇ ಕೆಳಗಿಟ್ಟ. ಎದ್ದು ಹಾಲಿಗೆ ಹೋದ. ಯಾರೂ ಇರಲಿಲ್ಲ. ದೇವರ ಗೂಡಿನ ಮುಂದೆ ಮೊಣಕಾಲೂರಿ ಕೂತು ಎತ್ತುಗಳನ್ನು ನೋಡಿದ. ಒಂದು ಎತ್ತು ಬಿಸಿಲಿಗೆ ಒಣಗಿ ಬೂದಿ ಬಣ್ಣಕ್ಕೆ ತಿರುಗಿತ್ತು. ಮೈತುಂಬ ವಿಭೂತಿಯ ಪಟ್ಟೆ ಸರಿಯಾಗಿತ್ತು. ಇನ್ನೊಂದರ ಹೊಟ್ಟೆಯ ಪಕ್ಕ ಒಂದು ಕಡೆ ಮಣ್ಣು ಇನ್ನೂ ಕಪ್ಪಗಿತ್ತು. ಅಲ್ಲಿ ಮಾತ್ರ ವಿಭೂತಿ ಇರಲಿಲ್ಲ.

ಅವನು ಎತ್ತನ್ನು ಮುಟ್ಟಲಿಲ್ಲ. ಒಡೆದರೆ ಉಂಗುರ ಎಲ್ಲಿತ್ತೆಂದು ಗೊತ್ತಾಗುತ್ತದೆ. ಯಾರು ಇಟ್ಟರೆಂದು ಗೊತ್ತಾಗುವುದಿಲ್ಲ. ಜಗದೇವಪ್ಪ ಆಗಲೂ ಮಾಳಿಗೆಯತ್ತಲೇ ಬೊಟ್ಟು ಮಾಡುತ್ತಾನೆ. ಹೊರಗೆ ಬಂದು ಹೆಂಡತಿಗೆ ಹೇಳಿದ, ಎತ್ತು ಬಿಡಲು ಸಂಜೆ ಎಲ್ಲರೂ ಹೋಗೋಣ, ಸಂಪತ್ ಕೂಡ ಬರಲಿ.

*

ಜೂನ್ ತಿಂಗಳ ಲಂಡನ್ನಿನಲ್ಲಿ ಸಂಜೆ ಎಂದರೂ ಬಿಸಿಲು ಮುಗಿಯುವುದಿಲ್ಲ. ರಸ್ತೆಯ ಕೊನೆಯ ಹಸಿರು ಬಯಲಿನ ಕೊಳದಲ್ಲಿ ಬಾತುಕೋಳಿಗಳಿದ್ದವು. ಐಸ್‌ಕ್ರೀಮ್ ತಿನ್ನುತ್ತಿದ್ದ ಬಿಳಿಯ ದಂಪತಿ ತಟ್ಟೆಯಲ್ಲಿ ಎತ್ತು ಹೊತ್ತ ಮೆರವಣಿಗೆಯನ್ನು ಕಣ್ಣರಳಿಸಿ ನೋಡಿದರು. ಮುಂದೆ ನಾಗವ್ವ, ಹಿಂದೆ ಗುರುದೇವಿ, ಫೋನನ್ನು ಕೈಯಲ್ಲೇ ಹಿಡಿದ ಜಗದೇವಪ್ಪ. ತಟ್ಟೆ ತಾನು ಹಿಡಿಯುತ್ತೇನೆಂದು ಅಮರ ದಾರಿಯಲ್ಲಿ ಕೇಳಿದ. ಶಾಂತಪ್ಪ ಅವನ ಹೆಗಲ ಮೇಲೆ ಕೈ ಹಾಕಿ ಬಿಗ್ ಬೆನ್ ವಿಚಾರ ತೆಗೆದ. ಎಲ್ಲರಿಗಿಂತ ಹಿಂದೆ ಸಂಪತ್.

ನಾಗವ್ವ ದಡದಲ್ಲಿ ಕೂತು ಒಣಗಿದ ಎತ್ತನ್ನು ನೀರಿಗೆ ಬಿಟ್ಟಳು. ಅದು ಗುಳ್ಳೆ ಬಿಡುತ್ತ ಮುಳುಗಿತು. ಇನ್ನೊಂದನ್ನು ಎತ್ತಿಕೊಂಡಳು. ಕಣ್ಣಿಗೊತ್ತಿಕೊಂಡು ಕೈ ಮುಂದೆ ಚಾಚಿದಳು.

ಅಮರ ಅವಳ ಮಣಿಕಟ್ಟು ಹಿಡಿದ.

'ಬ್ಯಾಡ ಅತ್ತಿ' ಎಂದ. 'ಪ್ಲೀಸ್, ಡೋಂಟ್.'

ಎಲ್ಲರೂ ಅವನನ್ನೇ ನೋಡಿದರು. ಅವನು ಕೈ ಬಿಡಲಿಲ್ಲ. ಶಾಂತಪ್ಪ ಬಗ್ಗಿ ಎತ್ತನ್ನು ಬಿಡಿಸಿಕೊಂಡು, ಹೊಟ್ಟೆಯ ಆ ಕಪ್ಪು ಜಾಗವನ್ನು ಹೆಬ್ಬೆರಳಿನಿಂದ ಒತ್ತಿದ. ಒಣಗಿದ ಮೈ ಬಿರಿದು, ಹಸಿ ಮಣ್ಣಿನೊಳಗಿನಿಂದ ಕೆಂಪು ಹರಳು ಕಂಡಿತು.

ಜಗದೇವಪ್ಪ ಹತ್ತಿರ ಬಂದು ಹರಳನ್ನು ಮುಟ್ಟಿ ನೋಡಿದ. ಇದು ಹೇಗೆ ಗೊತ್ತಾಯಿತು ಎಂದು ಕೇಳಿದ. ಶಾಂತಪ್ಪ ನಿಧಾನವಾಗಿ ಬಿಡಿಸಿ ಹೇಳಿದ. ವಿಭೂತಿ ಬಳಿದದ್ದು ನಿನ್ನೆ ಮಧ್ಯಾಹ್ನದ ಪೂಜೆಯಲ್ಲಿ. ಅದು ಅಳಿಸಿದ್ದು ಸಂಜೆ ದೀಪದ ಹೊತ್ತಿಗೆ ನಾಗವ್ವನ ಕಣ್ಣಿಗೆ ಬಿತ್ತು. ಹಾಗಾದರೆ ಎತ್ತಿನ ಹೊಟ್ಟೆ ಬಗೆದು, ನೀರು ಸವರಿ ಮುಚ್ಚಿದ್ದು ಆ ನಡುವೆ. ಸಂಪತ್ ಪೂಜೆಗೆ ಮೊದಲೇ ಹೋದವನು, ಇವತ್ತು ಬೆಳಿಗ್ಗೆ ಬಂದವನು. ಅವನನ್ನು ಅಲ್ಲಿಗೇ ಬಿಡಬೇಕು. ಮನೆಯಲ್ಲಿ ಉಳಿದವರು ಐದು ಜನ. ಅವರಲ್ಲಿ ನಾಲ್ವರು ಬಿಜಾಪುರದ ಮಣ್ಣಿನಲ್ಲಿ ಆಡಿ ಬೆಳೆದವರು. ಮಣ್ಣೆತ್ತು ಮರುದಿನ ನೀರಿಗೆ ಹೋಗುತ್ತದೆಂದು ಅವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಗೊತ್ತಿದ್ದವರು ಅದರೊಳಗೆ ಉಂಗುರ ಇಡುವುದಿಲ್ಲ. ಅದು ಗೊಂಬೆ, ಇಟ್ಟಲ್ಲೇ ಇರುತ್ತದೆ ಎಂದು ನಂಬಬಹುದಾದವನು ಇಲ್ಲಿ ಹುಟ್ಟಿದವನೊಬ್ಬನೇ. ಕೋಣೆ, ಕಿಸೆ ಹುಡುಕುತ್ತೇನೆಂದು ಶಾಂತಪ್ಪನೇ ಹೆದರಿಸಿದ್ದ; ಆಗ ಅಮರನ ಕೈಗೆ ಸಿಕ್ಕ ಜಾಗ ಅದು.

'ಯಾಕಪ್ಪಾ?' ಎಂದಳು ಗುರುದೇವಿ.

ಅಮರ ತಾಯಿಯ ಮುಖ ನೋಡಲಿಲ್ಲ. ಇಂಗ್ಲಿಷಿನಲ್ಲೇ ಹೇಳಿದ. ಈ ಮದುವೆ ಬೇಡ ಎಂದು ಈಸ್ಟರ್‌ನಿಂದ ಹೇಳುತ್ತ ಬಂದಿದ್ದೆ, ನೀನು ಪ್ರತಿ ಸಲ ಬೇರೆ ಮಾತು ತೆಗೆದೆ. ಉಂಗುರ ಅಲ್ಲಿಗೆ ತಲುಪಿದರೆ ಆ ಹುಡುಗಿಗೂ ಅನ್ಯಾಯ. ಅತ್ತೆ ವಿಮಾನ ಹತ್ತಿದ ಮೇಲೆ ಬಟ್ಟಲಲ್ಲೇ ಇಟ್ಟುಬಿಡುತ್ತಿದ್ದೆ.

ಗುರುದೇವಿ ಅಳುತ್ತಿದ್ದಳು. ಹೌದು, ಹೇಳಿದ್ದ, ತಾನೇ ಕಿವಿಗೆ ಹಾಕಿಕೊಳ್ಳಲಿಲ್ಲ ಎಂದಳು. ನಾಗವ್ವ ಮಣ್ಣಿನ ಕೈಯಲ್ಲೇ ಅವಳ ಬೆನ್ನು ಸವರಿದಳು.

'ಉಂಗುರ ಮುಚ್ಚಿಟ್ಟದ್ದು ನಿಮ್ಮ ಮನಿ ಮಾತು, ನೀವು ಮುಗಿಸ್ಕೋರಿ' ಎಂದ ಶಾಂತಪ್ಪ. 'ಆದ್ರ ಅಮರ, ಬೆಳಿಗ್ಗೆ ಈ ಹುಡುಗಗ ಕಳ್ಳ ಅಂದಾಗ ನೀ ಟೀವಿ ನೋಡ್ಕೋತ ಕುಂತಿದ್ದೆಲ್ಲ, ಅದು ಗುನ್ನೆ.'

ಅಮರನ ಮುಖ ಕಪ್ಪಿಟ್ಟಿತು. ಸಂಪತ್‌ನ ಹತ್ತಿರ ಹೋಗಿ 'ಸಾರಿ' ಎಂದ. ಜಗದೇವಪ್ಪ ಫೋನನ್ನು ಕಿಸೆಗೆ ಹಾಕಿ ತಾನೂ ಬಂದ. ತಪ್ಪಾಯಿತೆಂದ. ಕೋಣೆ ನಿನ್ನದೇ, ಎಷ್ಟು ದಿನ ಬೇಕಾದರೂ ಇರು, ನಿನ್ನೆಯದನ್ನು ಮರೆತುಬಿಡು ಎಂದ.

ಸಂಪತ್ ತನ್ನ ಪಾಸನ್ನು ಕೊರಳಿನಿಂದ ತೆಗೆದು ಜೇಬಿಗೆ ಹಾಕಿಕೊಂಡ. ಸಿಟ್ಟು ಮಾಡಲಿಲ್ಲ.

'ನೀವು ಕೇಳಿದ್ರೆ ಬ್ಯಾಗ್ ನಾನೇ ಬಿಚ್ಚಿ ತೋರಿಸ್ತಿದ್ದೆ ಅಂಕಲ್' ಎಂದ. 'ನೀವು ಕೇಳ್ಲೇ ಇಲ್ಲ. ನಾನಿಲ್ಲದಾಗ ಬಾಗಿಲು ತೆಗ್ದ್ರಿ. ಇನ್ನು ಆ ಕೋಣೆಲಿ ನಂಗೆ ನಿದ್ದೆ ಬರುದಿಲ್ಲ.'

ಅವನು ಬಯಲು ದಾಟಿ ಮನೆಯ ಕಡೆ ನಡೆದ, ಸಾಮಾನು ಕಟ್ಟಲು. ಜಗದೇವಪ್ಪ ಉಂಗುರವನ್ನು ಅಂಗೈಯಲ್ಲಿ ಹಿಡಿದು ಅಲ್ಲೇ ನಿಂತಿದ್ದ. ಅದನ್ನು ಯಾರ ಕೈಗೆ ಕೊಡಬೇಕೆಂದು ಅವನಿಗೆ ತಿಳಿಯಲಿಲ್ಲ.