ಜೇನು ಲಾರಿಯ ಮೂರನೇ ಲಿವರ್

"ಯಾರಾದ್ರೂ ಇದ್ದೀರಾ?"

ಲಾರಿಯನ್ನು ಹೊರಗೆ ನಿಲ್ಲಿಸಿ, ಶೆಡ್ಡಿನ ಬಾಗಿಲಲ್ಲಿ ನಿಂತು ಅವಳು ಕೂಗಿದಳು. ಒಳಗೆ ಯಾರಿದ್ದಾರೆ ಅಂತ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಕೂಗಿದ್ದು ಮಾತ್ರ ಗುರುತು ಪರಿಚಯವಿಲ್ಲದ ಗಿರಾಕಿಯ ಹಾಗೆ!

ಒಂದು ಹಳೆಯ ಜೀಪಿನ ಕೆಳಗಿಂದ ಎರಡು ಕಾಲು ಮಾತ್ರ ಹೊರಗೆ ಚಾಚಿಕೊಂಡಿದ್ದವು. ಅವಳ ದನಿ ಕೇಳಿದ್ದೇ ತಡ, ಸ್ಪ್ಯಾನರಿನ ಸದ್ದು ನಿಂತುಹೋಯಿತು. ಕಾಲುಗಳೂ ಅಲುಗಲಿಲ್ಲ.

'ಹಾಳು ಎದೆ... ಇಷ್ಟು ಜೋರಾಗಿ ಬಡ್ಕೊಳ್ಳೋ ಅಂಥದ್ದು ಈಗೇನಾಗಿದೆ?'

ಅವನು ಹೊರಗೆ ಜಾರಿ ಬಂದು ಎದ್ದು ನಿಂತ. ಹಣೆಯ ಮೇಲೆ ಒಂದು ಉದ್ದನೆಯ ಗ್ರೀಸ್ ಗೆರೆ. ಹೋದ ವರ್ಷವಾಗಿದ್ದರೆ ಬೈದುಕೊಂಡೇ ಅದನ್ನು ಅವಳೇ ಒರೆಸುತ್ತಿದ್ದಳು.

"ಹೇಳಿ," ಅಂದ.

ಹೇಳಿ! ಒಂದು ಕಾಲದಲ್ಲಿ 'ಏ ಕುಟುಕಿ' ಅಂತ ಕರೆಯುತ್ತಿದ್ದ ಬಾಯಿ ಅದು. ಜೇನು ಸಾಕುವ ಮನೆಯ ಹುಡುಗಿ, ಮಾತು ಮಾತಿಗೂ ಕುಟುಕುತ್ತಾಳೆ ಅಂತ ಅವನೇ ಇಟ್ಟ ಹೆಸರು. ಈಗ ಬಹುವಚನ! ಅವಳಿಗೆ ಚುರ್ ಎಂದಿತು.

"ಲಾರಿಗೆ ಆ ನಿಧಾನದ ಗೇರ್‌ಬಾಕ್ಸ್ ಮತ್ತೆ ಹಾಕ್ಬೇಕು. ಬೇರೆ ಯಾರೂ ಅದನ್ನ ಮುಟ್ಟಲ್ಲ ಅಂತಾರೆ. ನಿಮ್ಮ ಹತ್ರ ಹೋಗು ಅಂದಿದ್ದು ಅತ್ತೆ. ನಾನಲ್ಲ."

"ಗೊತ್ತು."

"ಏನು ಗೊತ್ತು?"

"ನೀವಾಗಿದ್ರೆ ಬರ್ತಿರ್ಲಿಲ್ಲ ಅಂತ."

ಅಷ್ಟೇ ಹೇಳಿ ಅವನು ಶೆಡ್ಡಿನ ಮೂಲೆಗೆ ಹೋಗಿ ಒಂದು ಗೋಣಿಚೀಲ ಸರಿಸಿದ. ಅಲ್ಲಿತ್ತು ಆ ಗೇರ್‌ಬಾಕ್ಸ್! ಒಂದು ಚುಕ್ಕೆ ತುಕ್ಕಿಲ್ಲ. ಮೈಗೆಲ್ಲ ಎಣ್ಣೆ ಸವರಿ, ಬಾಯಿಗೆ ಬಟ್ಟೆ ಕಟ್ಟಿ, ಎಳೆಮಗುವನ್ನು ಮಲಗಿಸಿದ ಹಾಗೆ ಮಲಗಿಸಿದ್ದ.

"ಯಾರಿಗಾದ್ರೂ ಮಾರಿರ್ತೀರ ಅಂದ್ಕೊಂಡಿದ್ದೆ," ಅಂದಳು. ದನಿ ಯಾಕೋ ಮೆತ್ತಗಾಯಿತು.

"ನಿಮ್ಮನೇದು. ಮಾರೋಕೆ ನಾನ್ಯಾರು?"

ಈ ಗೇರ್‌ಬಾಕ್ಸಿನ ಕಥೆ ಹೇಳದಿದ್ದರೆ ಇವರಿಬ್ಬರ ಜಗಳ ಅರ್ಥವಾಗುವುದಿಲ್ಲ.

ಅವಳ ಮನೆಯವರದ್ದು ಜೇನಿನ ಕಸುಬು. ಬಯಲಲ್ಲಿ ಹೂವು ಮುಗಿಯುತ್ತಿದ್ದಂತೆ ಪೆಟ್ಟಿಗೆಗಳನ್ನೆಲ್ಲ ಲಾರಿಗೆ ಏರಿಸಿ ಬೆಟ್ಟದ ಮೇಲಕ್ಕೆ ಒಯ್ಯಬೇಕು. ದಾರಿಯೆಂದರೆ ಬರೀ ಬಂಡೆ. ಲಾರಿ ಸ್ವಲ್ಪ ಎಗರಿದರೂ ಪೆಟ್ಟಿಗೆಯೊಳಗಿನ ಮೇಣದ ತಟ್ಟಿ ಕಳಚಿ ಬಿದ್ದು ಹುಳುಗಳು ಅಲ್ಲೇ ಅಪ್ಪಚ್ಚಿ. ಅದಕ್ಕೇ ಅವನು ಲಾರಿಯ ದೊಡ್ಡ ಗೇರ್‌ಬಾಕ್ಸಿನ ಹಿಂದೆ ಈ ಇನ್ನೊಂದನ್ನು ಜೋಡಿಸಿಕೊಟ್ಟಿದ್ದ. ಗೇರಿಗೊಂದು, ನಾಲ್ಕೂ ಚಕ್ರ ಓಡಿಸುವುದಕ್ಕೊಂದು ಲಿವರ್ ಮೊದಲೇ ಇದ್ದವು. ಪಕ್ಕದಲ್ಲಿ ಇದಕ್ಕೊಂದು ಮೂರನೇ ಲಿವರ್ ಬಂತು. ಅದನ್ನು ಹಾಕಿದರೆ ಲಾರಿ ಓಡುವುದೇ ಇಲ್ಲ... ಬಂಡೆಯ ಮೇಲೆ ಒಂದೊಂದೇ ಹೆಜ್ಜೆ ಇಡುತ್ತದೆ.

ಆ ಕೆಲಸಕ್ಕೆಂದು ಬಂದವನು ಅವಳ ಮನಸ್ಸಿಗೂ ಬಂದ. ದೊಡ್ಡವರ ನಡುವೆ ಮಾತೂ ಆಗಿತ್ತು. ಅಪ್ಪನ ಅಕ್ಕ, ಅಂದರೆ ಅವಳ ಸೋದರತ್ತೆ, ಆಗಲೇ ಅವನಿಗೆ 'ಗ್ರೀಸಪ್ಪ' ಅಂತ ನಾಮಕರಣ ಮಾಡಿ ಅಳಿಯನ ಸ್ಥಾನ ಕೊಟ್ಟುಬಿಟ್ಟಿದ್ದಳು.

ಆಮೇಲೆ ಆ ದಿನ ಬಂತು. ಇಳಿಜಾರಿನ ಅಂಗಳದಲ್ಲಿ ಅಪ್ಪ ಲಾರಿಯನ್ನು ಗೇರಿನಲ್ಲೇ ನಿಲ್ಲಿಸಿ, ಇಳಿದು ಹಿಂದೆ ಹೋಗಿ ಹಗ್ಗ ಬಿಗಿಯುತ್ತಿದ್ದ. ಲಾರಿ ತಾನಾಗಿಯೇ ಹಿಂದಕ್ಕೆ ಜರುಗಿತು. ಅಪ್ಪನ ಕಾಲು ಲಾರಿಗೂ ಗೋಡೆಗೂ ನಡುವೆ ಸಿಕ್ಕಿಕೊಂಡಿತು.

"ಗೇರಲ್ಲೇ ಇತ್ತು... ನಾನು ಗೇರಲ್ಲೇ ನಿಲ್ಲಿಸಿದ್ದೆ..." ಅಂತ ಅಪ್ಪ ನರಳುತ್ತಿದ್ದ. ಓಡಿಬಂದ ಅವನು ಲಾರಿಯೊಳಗೆ ಹತ್ತಿ ನೋಡಿ, ಕೆಳಗಿಳಿದು, ಒಂದೇ ಮಾತು ಹೇಳಿದ.

"ತಪ್ಪು ನನ್ನದು."

ಮುಗಿಯಿತು! ಅವಳು ಬಾಯಿಗೆ ಬಂದ ಹಾಗೆ ಬೈದಳು. ನಮ್ಮಪ್ಪನ ಕಾಲು ಮುರಿದವನ ಕೈ ಹಿಡಿಯಲಾರೆ ಅಂದಳು. ಆ ಗೇರ್‌ಬಾಕ್ಸನ್ನು ಬಿಚ್ಚಿ ಕೊಂಡೊಯ್ಯಿ ಅಂದಳು. ಅವನು ಎದುರಾಡದೆ ಬಿಚ್ಚಿ ಕೊಂಡೊಯ್ದ.

'ಒಂದು ಸಲವಾದರೂ ನನ್ನ ಜೊತೆ ಜಗಳ ಆಡಬಾರದಿತ್ತಾ? ಅಷ್ಟು ಸುಲಭವಾಗಿ ಬಿಟ್ಟುಕೊಟ್ಟನಲ್ಲ ನನ್ನನ್ನ!' ಅವಳ ನಿಜವಾದ ನೋವು ಅದು. ಸಿಟ್ಟಿನ ಅಡಿಯಲ್ಲಿ ಮುಚ್ಚಿಟ್ಟುಕೊಂಡಿದ್ದಳು, ಅಷ್ಟೇ.

ಹೋದ ಸಲ ಆ ಗೇರ್‌ಬಾಕ್ಸ್ ಇಲ್ಲದೆ ಬೆಟ್ಟ ಹತ್ತಿಸಿದರು. ಮೇಲೆ ಹೋಗಿ ಮುಚ್ಚಳ ತೆಗೆದರೆ ಅರ್ಧದಷ್ಟು ಪೆಟ್ಟಿಗೆಗಳಲ್ಲಿ ಸದ್ದೇ ಇರಲಿಲ್ಲ. ಉಳಿದ ಹುಳುಗಳನ್ನು ಅಪ್ಪ ಕುಂಟುತ್ತಲೇ ಸಾಕಿ ಬೆಳೆಸಿದ್ದ. ಈ ಸಲವೂ ಹಾಗಾದರೆ ಕಸುಬೇ ಕೈಬಿಟ್ಟ ಹಾಗೆ. ಬೆಟ್ಟದ ಮೇಲೆ ಆಗಲೇ ಹೂವು ಬಿರಿಯಲು ಶುರುವಾಗಿತ್ತು.

"ಈ ಸಲ ನಾನು ಪಕ್ಕದಲ್ಲೇ ನಿಂತು ನೋಡ್ತೀನಿ," ಅಂದಳು ಅವಳು. "ಒಂದು ಬೋಲ್ಟೂ ನನ್ನ ಕಣ್ಣು ತಪ್ಪಿಸಿ ಒಳಗೆ ಹೋಗಬಾರ್ದು."

"ನಿಂತು ನೋಡೋದ್ಯಾಕೆ? ಟಾರ್ಚ್ ಹಿಡೀರಿ."

ಹಿಡಿದಳು! ಅವನು ಚಕ್ರಗಳಿಗೆ ಹೋಗುವ ಉದ್ದನೆಯ ಶಾಫ್ಟುಗಳನ್ನು ಬಿಚ್ಚಿದ. ನಾಲ್ಕೂ ಚಕ್ರ ಓಡಿಸುವ ಹಿಂದಿನ ಗೇರ್ ಪೆಟ್ಟಿಗೆಯನ್ನು ಜಾಕಿನ ಮೇಲೆ ಕೂರಿಸಿ ಕೆಳಗಿಳಿಸಿದ. ನಡುವೆ ಜಾಗ ಮಾಡಿ ಈ ಗೇರ್‌ಬಾಕ್ಸನ್ನು ಎತ್ತಿ ಹಿಡಿದಾಗ ಅವನ ಕತ್ತಿನ ನರಗಳೆಲ್ಲ ಉಬ್ಬಿದವು. ಟಾರ್ಚಿನ ಬೆಳಕು ಬೋಲ್ಟಿನ ಮೇಲೆ ಬೀಳುವ ಬದಲು ಆ ಕತ್ತಿನ ಮೇಲೆ ನಿಂತಿತ್ತು.

"ಬೋಲ್ಟ್ ಇಲ್ಲಿದೆ," ಅಂದ ಅವನು.

"ಗೊತ್ತು!" ಅಂದು ಬೆಳಕು ಸರಿಸಿದಳು. ಕಿವಿ ಬಿಸಿಯಾಗಿತ್ತು.

ಕೆಲಸ ಮಾಡುತ್ತಲೇ ಅವನು ಹೇಳಿಕೊಡುತ್ತಿದ್ದ. "ಇದಕ್ಕೆ ಆಯಿಲ್ ಬೇರೆ. ದೊಡ್ಡದು ತುಂಬಿದೆ ಅಂತ ಇದನ್ನ ಮರೀಬೇಡಿ. ಮೊದಲ ಸಲ ಬೆಟ್ಟ ಹತ್ತಿ ಇಳಿದ ಮೇಲೆ ಎಲ್ಲಾ ಬೋಲ್ಟ್ ಮತ್ತೆ ಬಿಗೀಬೇಕು. ಆಯಿಲ್ ಇಳಿಸಿ ಬೆರಳಲ್ಲಿ ಉಜ್ಜಿ ನೋಡಿ, ಪುಡಿ ಸಿಕ್ಕಿದ್ರೆ ಒಳಗೆ ಹಲ್ಲು ಸವೀತಿದೆ ಅಂತ."

"ಪ್ರತಿ ಸಲ ಇಲ್ಲಿಗೇ ಬರ್ಬೇಕಾ?"

"ಬೇಡ. ಅದಕ್ಕೇ ಹೇಳ್ಕೊಡ್ತಿರೋದು."

'ಬಾ ಅಂದಿದ್ದರೆ ಇವನ ಗಂಟೇನು ಹೋಗುತ್ತಿತ್ತು!'

ಮೇಜಿನ ಮೇಲೆ ಒಂದು ಚಿಕ್ಕ ಕಬ್ಬಿಣದ ಚೌಕಟ್ಟು ಬಣ್ಣ ಬಳಿಸಿಕೊಂಡು ಒಣಗುತ್ತಿತ್ತು.

"ಅದೇನು?"

"ಮೂರನೇ ಲಿವರಿಗೆ ಕೊಂಡಿ. ಅದನ್ನ ಎತ್ತದೆ ಲಿವರ್ ಅಲ್ಲಾಡಲ್ಲ."

"ಮೊದಲು ಇರ್ಲಿಲ್ವಲ್ಲ?"

"ಇರ್ಬೇಕಿತ್ತು," ಅಂದ ಅವನು, ಅವಳ ಮುಖ ನೋಡದೆ.

'ಕೊನೆಗೂ ಒಪ್ಪಿಕೊಂಡ' ಅಂತ ಅವಳು ಅಂದುಕೊಂಡಳು. ಗೆದ್ದ ಖುಷಿ ಮಾತ್ರ ಎಲ್ಲೂ ಕಾಣಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಒಂದು ಸುತ್ತು ಓಡಿಸಿ ನೋಡಿದರು. ಅವನು ಸ್ಟೀರಿಂಗ್ ಹಿಡಿದಿದ್ದ, ಅವಳು ಪಕ್ಕದಲ್ಲಿ. ಲಾರಿ ಕಲ್ಲುಗಳ ಮೇಲೆ ಸದ್ದಿಲ್ಲದೆ ಹತ್ತಿ ಇಳಿಯಿತು. ಶೆಡ್ಡಿನ ಮುಂದಿನ ಇಳಿಜಾರಿನಲ್ಲಿ ಗೇರಿನಲ್ಲೇ ನಿಲ್ಲಿಸಿ, ಇಳಿದು, ಎರಡು ಹಿಂದಿನ ಚಕ್ರಗಳಿಗೂ ದಪ್ಪನೆಯ ಮರದ ತುಂಡು ಕೊಟ್ಟ. ಹ್ಯಾಂಡ್‌ಬ್ರೇಕಿನ ಕೇಬಲ್ ಇನ್ನೂ ಉದ್ದ ಮಾಡಿ ಹಾಕಬೇಕಿತ್ತು, ಕೊಂಡಿಯ ಬಣ್ಣವೂ ಒಣಗಿರಲಿಲ್ಲ.

"ಎಲ್ಲಾದ್ರೂ ಆಯಿಲ್ ಒಸರ್ತಿದ್ಯಾ ನೋಡ್ತೀನಿ," ಅಂದು ಲಾರಿಯ ಕೆಳಗೆ ನುಸುಳಿದ.

ಅವಳು ತನ್ನ ಕಡೆಯ ಬಾಗಿಲು ತೆಗೆದು ಇಳಿದಳು. ಸೀಟಿನ ಮೇಲಿದ್ದ ಕೈಚೀಲವನ್ನು ಎಳೆದಳು. ಬರಲಿಲ್ಲ. ಎಲ್ಲೋ ಸಿಕ್ಕಿಕೊಂಡಿತ್ತು. ಥೂ, ಇದೊಂದು! ಜೋರಾಗಿ ಎಳೆದಳು.

ಟಕ್.

ಲಾರಿ ಹಿಂದಕ್ಕೆ ಜರುಗಿತು!

"ಏಯ್!" ಅವಳು ಕಿರುಚಿದಳು. ಲಾರಿ ಮರದ ತುಂಡುಗಳಿಗೆ ಧಡ್ ಎಂದು ಒರಗಿ, ಒಮ್ಮೆ ತೂಗಿ, ನಿಂತಿತು.

"ಏನಾಗಿಲ್ಲ! ಏನಾಗಿಲ್ಲ!" ಕೆಳಗಿಂದ ಅವನ ದನಿ. ತೆವಳಿಕೊಂಡು ಹೊರಗೆ ಬಂದ.

ಅವಳು ಅವನತ್ತ ನೋಡುತ್ತಿರಲಿಲ್ಲ. ಲಾರಿಯೊಳಗೆ ನೋಡುತ್ತಿದ್ದಳು. ಕೈಚೀಲದ ಪಟ್ಟಿ ಮೂರನೇ ಲಿವರಿಗೆ ಸುತ್ತಿಕೊಂಡಿತ್ತು. ಲಿವರ್ ನಡುವಿಗೆ ಬಂದು ನಿಂತಿತ್ತು, ನ್ಯೂಟ್ರಲ್‌ನಲ್ಲಿ. ಯಾವ ಗೇರ್ ಹಾಕಿದ್ದರೂ ಚಕ್ರಕ್ಕೂ ಇಂಜಿನ್ನಿಗೂ ಸಂಬಂಧವೇ ಇಲ್ಲ.

ಅವಳು ಆ ಪಟ್ಟಿಯನ್ನು ಮುಟ್ಟಿ ನೋಡಿದಳು.

ಆ ದಿನವೂ ಇದೇ ಕೈಚೀಲ. ಆ ದಿನವೂ ಎಳೆದಿದ್ದಳು. ಟಕ್ ಅಂದಿತ್ತು. ಬರದಿದ್ದಾಗ 'ಇರ್ಲಿ ಅತ್ಲಾಗೆ' ಅಂತ ಬೇಜಾರಿನಲ್ಲಿ ಅಲ್ಲೇ ಬಿಟ್ಟು ಮನೆಯೊಳಗೆ ನಡೆದಿದ್ದಳು. ಹೊಸ್ತಿಲು ದಾಟುವಷ್ಟರಲ್ಲಿ ಅಪ್ಪನ ಕೂಗು ಕೇಳಿಸಿತ್ತು. ಮಾರನೇ ದಿನ ಇವನು ಚೀಲ ತಂದು ಕೊಟ್ಟಿದ್ದ. 'ಲಾರಿ ಹತ್ರ ಬಿದ್ದಿತ್ತು' ಅಂದಿದ್ದ.

"ಬಿದ್ದಿರ್ಲಿಲ್ಲ... ಅಲ್ವಾ?" ಅವಳು ಅವನತ್ತ ತಿರುಗಿದಳು. "ಲಿವರಿಗೆ ಸಿಕ್ಕಿಕೊಂಡಿತ್ತು. ನೀನು ನೋಡಿದ್ದೆ. ನೋಡಿಯೂ ಹೇಳ್ಲಿಲ್ಲ!"

ಅವನು ತಲೆ ತಗ್ಗಿಸಿದ.

"ಹೇಳು!"

"ಹೇಗೆ ಹೇಳ್ಲಿ? ಅಪ್ಪನ ತಲೆ ತೊಡೆ ಮೇಲಿಟ್ಕೊಂಡು ಅಳ್ತಿದ್ದೆ ನೀನು. ನನ್ನ ಮೇಲೆ ಸಿಟ್ಟಿದ್ರೆ ಬೈತೀಯ, ಕೂಗಾಡ್ತೀಯ, ಒಂದು ತುತ್ತು ತಿಂತೀಯ. ನಿನ್ನ ಮೇಲೇ ನಿನಗೆ ಸಿಟ್ಟು ಬಂದಿದ್ರೆ... ನೀನು ಉಳೀತಿರ್ಲಿಲ್ಲ ಕಣೇ." ಅವನು ಲಿವರಿನತ್ತ ಕೈ ತೋರಿದ. "ಮತ್ತೆ ನಾನು ಸುಳ್ಳೇನೂ ಹೇಳ್ಲಿಲ್ಲ. ಒಂದು ಚೀಲದ ಪಟ್ಟಿಗೆ ಜರುಗೋ ಲಿವರನ್ನ ಕೊಂಡಿ ಇಲ್ದೆ ಬಿಟ್ಟವನು ನಾನೇ."

ಬಹುವಚನ ಎಲ್ಲೋ ಕಳಚಿಬಿದ್ದಿತ್ತು. ಇಬ್ಬರಿಗೂ ಅದರ ಪರಿವೆಯಿಲ್ಲ.

"ಅದಕ್ಕೇ ನನ್ನನ್ನೇ ಬಿಟ್ಟುಬಿಟ್ಯಾ? ನನ್ನ ತಪ್ಪನ್ನ ನನ್ನಿಂದ ಕಿತ್ಕೊಳ್ಳೋಕೆ ನೀನ್ಯಾರು?" ಅವಳು ಅವನ ಎದೆಗೆ ಗುದ್ದಿದಳು. ಇನ್ನೊಮ್ಮೆ ಗುದ್ದಿದಳು. ಮೂರನೇ ಸಲ ಕೈ ಅಂಗಿಯನ್ನೇ ಹಿಡಿದುಕೊಂಡಿತು. "ಇಷ್ಟು ದಿನ ನಿನ್ನನ್ನ ಶಪಿಸಿದ್ದೀನಿ ನಾನು... ಈಗ ನೀನು ಈ ಲಾರಿ ಕೆಳಗೆ ಇದ್ದೆ... ಅಯ್ಯೋ, ಆ ಮರದ ತುಂಡು ಇಲ್ದೇ ಇದ್ದಿದ್ರೆ..."

"ಇತ್ತಲ್ಲ. ಆ ದಿನದಿಂದ ಚಕ್ರಕ್ಕೆ ತುಂಡು ಕೊಡದೆ ಯಾವ ಗಾಡಿ ಕೆಳಗೂ ಹೋಗಿಲ್ಲ ನಾನು."

ಅವಳು ಕಣ್ಣೊರೆಸಿಕೊಂಡು ಚೀಲ ಬಿಡಿಸಿಕೊಂಡಳು. ಲಿವರನ್ನು ಜಾಗಕ್ಕೆ ತಳ್ಳಿದಳು.

"ಎಲ್ಲಿಗೆ?"

"ಅಪ್ಪನ ಹತ್ರ."

ಅಪ್ಪ ಕುಂಟುಗಾಲು ಚಾಚಿ ಕೂತು ಜೇನುಪೆಟ್ಟಿಗೆಗಳ ಬಾಯಿಗೆ ಜಾಲರಿ ಹೊಡೆಯುತ್ತಿದ್ದ. ಅವಳು ಎದುರಿಗೆ ಕೂತು, ಬಚ್ಚಿಡದೆ ಎಲ್ಲ ಹೇಳಿದಳು. "ನಿನ್ನ ಕಾಲಿಗೆ ಹೀಗಾಗಿದ್ದು ನನ್ನಿಂದ, ಅಪ್ಪಾ."

ಅಪ್ಪ ಸುತ್ತಿಗೆ ಕೆಳಗಿಟ್ಟ.

"ಹ್ಯಾಂಡ್‌ಬ್ರೇಕ್ ಎಳೆದಿರ್ಲಿಲ್ಲ ಕಣೇ ನಾನು," ಅಂದ. "ಗೇರಲ್ಲಿ ನಿಲ್ಲಿಸಿದ್ರೆ ಸಾಕು ಅನ್ನೋ ಜಂಬ. ಆ ಹುಡುಗ ತಪ್ಪು ನನ್ನದು ಅಂದ್ಬಿಟ್ಟ. ನಾನು ಸುಮ್ಮನಿದ್ದೆ. ನಿನ್ನ ಮದುವೆ ಮುರಿದು ಬಿತ್ತು, ಆಗ್ಲೂ ಸುಮ್ಮನಿದ್ದೆ. ಕಾಲಿಗಿಂತ ಅದೇ ಹೆಚ್ಚು ನೋಯ್ತಿದೆ."

ಮಗಳು ಅಪ್ಪನ ಮಂಡಿಯ ಮೇಲೆ ತಲೆಯಿಟ್ಟಳು. ಅವನ ಒರಟು ಅಂಗೈ ಅವಳ ಕೂದಲ ಮೇಲೆ ಓಡಾಡಿತು.

ಅಡುಗೆಮನೆ ಬಾಗಿಲಲ್ಲಿ ಅತ್ತೆ ಸೌಟು ಹಿಡಿದು ನಿಂತಿದ್ದಳು. "ಚೆನ್ನಾಗಿದೆ ಕಣ್ರೋ ನಿಮ್ಮ ಸಂಸಾರ! ಮೂರು ಜನ ಮೂರು ಮೂಲೇಲಿ ಕೂತು ಒಂದೇ ಗಾಯ ಕೆರ್ಕೊಳ್ತಿದ್ರಿ. ಏನೂ ಗೊತ್ತಿಲ್ದ ಪೆದ್ದಿ ನಾನು, ಹೊತ್ತು ಹೊತ್ತಿಗೆ ಬೇಯಿಸಿ ಹಾಕ್ತಿದ್ದೆ! ಏ ಹುಡುಗೀ, ಅಳೋದು ಆಮೇಲೆ. ಆ ಗ್ರೀಸಪ್ಪನ್ನ ನಾಳೆ ಬೆಳಿಗ್ಗೆ ಬರೋಕೆ ಹೇಳಿದ್ಯೋ ಇಲ್ವೋ?"

ಹೇಳಬೇಕಾಗಲಿಲ್ಲ. ಕತ್ತಲು ತೆಳುವಾಗುವ ಹೊತ್ತಿಗೆ ಅವನು ತಾನಾಗಿಯೇ ಬಂದ. ರಾತ್ರಿಯೇ ಕೇಬಲ್ ಜೋಡಿಸಿ, ಕೊಂಡಿ ಕೂರಿಸಿ, ಈಗ ಲಾರಿಯನ್ನು ಓಡಿಸಿಕೊಂಡೇ ಬಂದಿದ್ದ. ಬಾಯಿ ಮುಚ್ಚಿದ ಪೆಟ್ಟಿಗೆಗಳನ್ನು ಎಲ್ಲರೂ ಸೇರಿ ಏರಿಸಿದರು. ಅಪ್ಪ ಅವನ ಹೆಗಲು ಹಿಡಿದು "ಹೊಟ್ಟೆಗೆ ಹಾಕ್ಕೋ ಕಣಪ್ಪ" ಅಂದ. ಅವನು "ಹಗ್ಗ ಬಿಗಿಯಾಗಿದ್ಯಾ ನೋಡಿ, ಮಾವ" ಅಂದ. ಮಾವ ಅನ್ನಿಸಿಕೊಂಡವನು ಕಣ್ಣು ಮರೆಸಿಕೊಳ್ಳಲು ಹಗ್ಗವನ್ನೇ ನೋಡುತ್ತ ನಿಂತ.

ಬೆಟ್ಟದ ಬುಡದಲ್ಲಿ ಅವಳು ಲಾರಿ ನಿಲ್ಲಿಸಿ, ಕೊಂಡಿ ಎತ್ತಿ, ಮೂರನೇ ಲಿವರ್ ಹಾಕಿದಳು. ಬಂಡೆಗಳನ್ನು ನೋಡಿಕೊಳ್ಳಲು ಅವನು ಕೆಳಗಿಳಿದು ಅವಳ ಕಿಟಕಿಯ ಪಕ್ಕದಲ್ಲೇ ನಡೆಯತೊಡಗಿದ. ಲಾರಿ ಅವನಿಗಿಂತಲೂ ನಿಧಾನ. ಹಿಂದಿನಿಂದ ಪೆಟ್ಟಿಗೆಗಳೊಳಗಿನ ಗುಂಯ್ ಸದ್ದು ತಪ್ಪದೆ ಕೇಳುತ್ತಿತ್ತು. ಒಂದು ತಟ್ಟಿಯೂ ಕಳಚಿರಲಿಲ್ಲ!

"ಇಳಿದ ಮೇಲೆ ಬೋಲ್ಟ್ ಬಿಗೀಬೇಕು ಅಂದಿದ್ದೆ ಅಲ್ವಾ ನೀನು?" ಅವಳು ದಾರಿಯ ಮೇಲಿಂದ ಕಣ್ಣು ತೆಗೆಯದೆ ಕೇಳಿದಳು.

"ಹೂಂ. ನಿನಗೇ ಬರುತ್ತಲ್ಲ ಈಗ."

"ಬರಲ್ಲ. ಎಲ್ಲಾ ಮರೆತುಹೋಯ್ತು. ನೀನೇ ಬೇಕು."

ಅವನು ನಡೆಯುತ್ತಿದ್ದವನು ಎಡವಿದ.

"ಬೋಲ್ಟಿಗಾ?"

"ಬೋಲ್ಟಿಗೂ..." ಅವಳ ಕೆನ್ನೆ ಕೆಂಪಾಯಿತು. "ಬೈಯೋಕೂ. ಒಟ್ಟಿಗೆ ಅಳೋಕೂ. ನೀನಿಲ್ದೆ ಆಗಲ್ಲ ಕಣೋ ನನಗೆ. ಆದ್ರೆ ಇನ್ಮೇಲೆ ನನ್ನ ತಪ್ಪು ನನಗೇ ಹೇಳ್ಬೇಕು. ಮುಚ್ಚಿಟ್ರೆ ಕುಟುಕ್ತೀನಿ!"

"ಕುಟುಕು ಕುಟುಕಿ. ಅದಿಲ್ದೆ ಬದುಕೇ ಸಪ್ಪೆಯಾಗಿತ್ತು."

"ಹಾಗಾದ್ರೆ ಹತ್ತು ಒಳಗೆ."

"ನಿಲ್ಲಿಸ್ಬೇಡ, ಹುಳುಗಳು ಬೆದರ್ತವೆ."

ನಿಲ್ಲಿಸುವ ಅಗತ್ಯವೇ ಇರಲಿಲ್ಲ. ಅವನು ಲಾರಿಯ ಮುಂದಿನಿಂದ ಸುತ್ತಿ ಬಂದು, ಆ ಕಡೆಯ ಬಾಗಿಲು ತೆಗೆದು ಆರಾಮವಾಗಿ ಹತ್ತಿ ಕೂತ. ಸೀಟಿನ ಮೇಲೆ ಆ ಕೈಚೀಲ ಇತ್ತು. ಅವಳು ಅದನ್ನೆತ್ತಿ ಅವನ ತೊಡೆಯ ಮೇಲಿಟ್ಟಳು.

"ಇದನ್ನ ನೀನು ಹಿಡ್ಕೋ."

"ಎಲ್ಲೀವರೆಗೆ?"

"ಮುದುಕ ಆಗೋವರೆಗೆ."

ಅವನು ಚೀಲದ ಪಟ್ಟಿಯನ್ನು ಜೋಪಾನವಾಗಿ ಕೈಗೆ ಸುತ್ತಿಕೊಂಡು, ಮುಂದಿದ್ದ ಬೆಟ್ಟವನ್ನು ಒಮ್ಮೆ ನೋಡಿ ನಕ್ಕ.

"ಈ ವೇಗದಲ್ಲಿ ಹೋದ್ರೆ ಮೇಲೆ ಮುಟ್ಟೋಷ್ಟರಲ್ಲೇ ಆಗ್ಬಿಡ್ತೀನಿ!"

"ಆಗು," ಅಂದಳು ಅವಳು. "ನನಗೇನೂ ಅವಸರ ಇಲ್ಲ."