ಮೌನಿಗಳು ಬಿಸಿಯಾದ ದಿನ

“ಶ್ಶ್!” ಪಿಸು ತುಟಿಯ ಮೇಲೆ ಬೆರಳಿಟ್ಟು ಗದರಿಸಿದಳು.

ಗದರಿಸಿದ್ದು ಯಾರಿಗೆ ಅಂದುಕೊಂಡಿರಿ? ಟೇಬಲ್ ಫ್ಯಾನಿಗೆ! ಅದು ಅಪ್ಪನ ಕಂಪ್ಯೂಟರ್ ಪಕ್ಕದ ಸ್ಟೂಲಿನ ಮೇಲೆ ಕೂತು ಕರ್ ಕರ್ ಅಂತ ಒಂದೇ ಸಮನೆ ಗೊಣಗುತ್ತಿತ್ತು. ಮೂಲೆಯಲ್ಲಿ ಕಂಬಳಿ ಇಳಿಬಿಟ್ಟು ಮಾಡಿದ ಡೇರೆಯೊಳಗೆ ಅಮ್ಮ ಮೈಕ್ ಮುಂದೆ ಕೂತು ಗಂಟಲು ಸರಿಮಾಡಿಕೊಳ್ಳುತ್ತಿದ್ದಳು.

ಅಮ್ಮನ ಕೆಲಸ ಪಾಠ ಓದುವುದು. ಕಣ್ಣು ಕಾಣದ ಮಕ್ಕಳು ಕೇಳಿ ಕಲಿಯಲಿ ಅಂತ ಪುಸ್ತಕ ಓದಿ ರೆಕಾರ್ಡ್ ಮಾಡುತ್ತಾಳೆ. ಮನೆಯೋ, ಒಂದು ರೂಮು, ಒಂದು ಅಡುಗೆಮನೆ, ಅಷ್ಟೇ. ಅಮ್ಮ ಡೇರೆ ಹೊಕ್ಕಳೆಂದರೆ ಅಲ್ಲಿ ಸೊಳ್ಳೆ ಕೂಡ ಹಾಡುವಂತಿಲ್ಲ. ಕಿಟಕಿ ಮುಚ್ಚಬೇಕು. ತೊಟ್ಟಿಕ್ಕುವ ನಲ್ಲಿಯ ಕೆಳಗೆ ಬಟ್ಟೆ ಇಡಬೇಕು. ಗೋಡೆ ಗಡಿಯಾರದ ಸೆಲ್ ತೆಗೆಯಬೇಕು. ಅದಕ್ಕೇ ಅವರ ಮನೆಯ ಗಡಿಯಾರ ಯಾವಾಗಲೂ ಹಿಂದೆ.

ಇದೆಲ್ಲ ಪಿಸುವಿನ ಡ್ಯೂಟಿ. ಸ್ಕೂಲಿನಲ್ಲೂ ಅವಳದು ಪಿಸುಮಾತೇ. “ಸ್ವಲ್ಪ ಗಟ್ಟಿಯಾಗಿ ಹೇಳೇ!” ಅಂತ ಟೀಚರ್ ದಿನಾ ಗೋಳಾಡುತ್ತಾರೆ. ಆ ಹೆಸರು ಬಂದದ್ದೇ ಹಾಗೆ.

ಅವತ್ತು ಸ್ಕೂಲಿಗೆ ರಜೆ. ಅಪ್ಪ ರಾತ್ರಿಯೆಲ್ಲ ಕೆಲಸ ಮಾಡಿ, ಆಗಷ್ಟೇ ಅಡುಗೆಮನೆಯಲ್ಲಿ ಚಾಪೆ ಹಾಸಿ ಮಲಗಿದ್ದ. “ಕಂಪ್ಯೂಟರ್ ಕಡೆ ಒಂದು ಕಣ್ಣಿರಲಿ ಕಂದಾ” ಎಂದಿದ್ದ. ಫ್ಯಾನಿನ ವಿಷಯ ಹೇಳಿರಲಿಲ್ಲ. ಖಾಲಿ ಕುರ್ಚಿಗೆ ಯಾಕಪ್ಪಾ ಗಾಳಿ ಅಂದುಕೊಂಡು ಪಿಸು ಫ್ಯಾನ್ ಆಫ್ ಮಾಡಿದಳು. ಕಿಟಕಿ ಮುಚ್ಚಿದಳು. ಅಮ್ಮ ಓದತೊಡಗಿದಳು.

ಕಂಪ್ಯೂಟರ್ ಸದ್ದಿಲ್ಲದೆ ಕೆಲಸ ಮಾಡುತ್ತಿತ್ತು. ಅಮ್ಮನಿಗೆ ತೊಂದರೆ ಆಗಬಾರದು ಅಂತಲೇ ಅಪ್ಪ ಚಿತ್ರ ತಯಾರಿಸುವ, ಫ್ಯಾನ್ ಇಲ್ಲದ ಗ್ರಾಫಿಕ್ಸ್ ಕಾರ್ಡು ಹುಡುಕಿ ತಂದಿದ್ದ. ಒಂದು ಸಾಲದೆ ಎರಡು. ಕಂಪ್ಯೂಟರ್ ಪೆಟ್ಟಿಗೆಯೊಳಗೆ ಒಂದರ ಮೇಲೊಂದು ಕೂತಿದ್ದ ಅವುಗಳಲ್ಲಿ ಮೇಲಿನದಕ್ಕೆ ಪಿಸು ದೊಡ್ಡಮೌನಿ, ಕೆಳಗಿನದಕ್ಕೆ ಚಿಕ್ಕಮೌನಿ ಅಂತ ಹೆಸರಿಟ್ಟಿದ್ದಳು.

ಪರದೆಯ ಮೇಲೆ ಒಂದು ಬಸವನಹುಳು. ಅದು ಅಪ್ಪ ಮಾಡುತ್ತಿದ್ದ ಕಾರ್ಟೂನ್ ಫಿಲ್ಮು. ಹುಳುವಿಗೆ ದನಿ ಕೊಟ್ಟವಳು ಪಿಸುವೇ. ಊರೆಲ್ಲ ಸುತ್ತಿದ ಹುಳು ಕೊನೆಗೆ ಮನೆ ಸೇರುತ್ತದೆ. ಆ ಕೊನೆಯ ಭಾಗವನ್ನು ಮೌನಿಗಳು ಒಂದೊಂದೇ ಚಿತ್ರವಾಗಿ ತಯಾರಿಸುತ್ತಿದ್ದವು. ಸಂಜೆಯೊಳಗೆ ಫಿಲ್ಮು ಸ್ಟುಡಿಯೋ ಸೇರಬೇಕು. ಅವರಿಗೆ ಹಿಡಿಸಿದರೆ ಅಪ್ಪನಿಗೆ ಮನೆಯಿಂದಲೇ ಕೆಲಸ. ಇಲ್ಲದಿದ್ದರೆ ದೂರದೂರಿನಲ್ಲಿರುವ ಸೋದರಮಾವನ ಗೋಡೌನು. ಅಲ್ಲಿಗೆ ಹೋದರೆ ಅಪ್ಪ ಬರುವುದು ದೊಡ್ಡ ರಜೆಗೆ ಮಾತ್ರ. ಮಂಚದ ಕೆಳಗೆ ಬ್ಯಾಗು ಆಗಲೇ ರೆಡಿಯಾಗಿತ್ತು. ಪಿಸು ಆ ಕಡೆ ನೋಡುತ್ತಲೇ ಇರಲಿಲ್ಲ.

ರೂಮು ಬಿಸಿಯೇರಿತು. ಪಿಸುವಿನ ಕತ್ತಿನಲ್ಲಿ ಬೆವರಿಳಿಯಿತು. ಆಮೇಲೆ ಏನೋ ವಾಸನೆ ಬಂತು, ಬಿಸಿಲಿಗಿಟ್ಟ ಪ್ಲಾಸ್ಟಿಕ್ ಬಕೆಟ್ಟಿನ ಹಾಗೆ. ಪಿಸು ಪೆಟ್ಟಿಗೆ ಮುಟ್ಟಿದಳು. ಚುರ್ ಅಂತು!

ಕೂಗೋಣವೆಂದು ಬಾಯಿ ತೆರೆದಳು. ಅಮ್ಮ ಪಾಠದ ನಡುವೆ ಇದ್ದಳು. ಈಗ ಕೂಗಿದರೆ ಪುಟವೆಲ್ಲ ಹಾಳು. ಪಿಸು ಬಾಯಿ ಮುಚ್ಚಿಕೊಂಡಳು. ಆಗಷ್ಟೇ ಮಲಗಿದ ಅಪ್ಪನನ್ನು ಎಬ್ಬಿಸಲೂ ಮನಸ್ಸಾಗಲಿಲ್ಲ. ಕ್ಲಾಸಿನಲ್ಲಿ ಎತ್ತುವ ಹಾಗೆ ಕೈ ಎತ್ತಿ ನಿಂತಳು. ಕಂಬಳಿಯ ಆಚೆ ಇದ್ದ ಅಮ್ಮನಿಗೆ ಅದು ಹೇಗೆ ಕಾಣಬೇಕು?

ಪಾಠ ಮುಗಿಯುವ ಮೊದಲೇ ಪರದೆ ಕಪ್ಪಾಯಿತು. ಪಾಠ ಮುಗಿದ ಮೇಲೂ ಪಿಸು ಕೂಗಲಿಲ್ಲ, ಅಡುಗೆಮನೆಗೆ ಓಡಿ ಅಪ್ಪನ ಭುಜ ಅಲ್ಲಾಡಿಸಿದಳು.

ಅಪ್ಪ ದಡಬಡ ಎದ್ದು ಬಂದ. ಮೊದಲು ನೋಡಿದ್ದು ಪರದೆಯನ್ನಲ್ಲ, ಫ್ಯಾನನ್ನು.

“ನಾನೇ ಆಫ್ ಮಾಡಿದ್ದು” ಎಂದಳು ಪಿಸು. “ಅಮ್ಮ ಓದ್ತಿದ್ಲು... ನೀನು ಕುರ್ಚೀಲಿ ಇರ್ಲಿಲ್ಲ...”

ಅಪ್ಪ ಪೆಟ್ಟಿಗೆಯ ಪಕ್ಕದ ಮುಚ್ಚಳ ಬಿಚ್ಚಿದ. ಬಿಸಿ ಗಾಳಿ ಮುಖಕ್ಕೆ ಹೊಡೆಯಿತು. ತಣ್ಣಗಾಗಲಿ ಅಂತ ಕಾದರು. ಆ ಹೊತ್ತು ಮನೆಯಲ್ಲಿ ಯಾರಿಗೂ ನಿಂತಲ್ಲಿ ನಿಲ್ಲಲಾಗಲಿಲ್ಲ. ಅಪ್ಪ ಮತ್ತೆ ಆನ್ ಮಾಡಿದ. ಬಸವನಹುಳು ಬಂತು, ಒಂದು ಚೂರು ಮುಂದೆ ಹೋಯಿತು. ಪರದೆ ಮತ್ತೆ ಕಪ್ಪು. ಮೂರನೇ ಸಲ ಒಂದೇ ಕಾರ್ಡು ಎಚ್ಚರಾಯಿತು.

“ದೊಡ್ಡಮೌನಿ?” ಪಿಸು ಕೇಳಿದಳು.

“ಹೋಯ್ತು ಕಂದಾ.”

“ಚಿಕ್ಕಮೌನಿ ಒಬ್ಬನೇ ಮಾಡಲ್ವಾ?”

“ಮಾಡ್ತಾನೆ. ಆದ್ರೆ ಸಂಜೆಯೊಳಗೆ ಆಗಲ್ಲ.”

“ನನ್ನಿಂದಾನೇ ಅಲ್ವಾ ಅಪ್ಪ?”

“ಅಲ್ಲ ಕಣೇ. ಇವುಗಳ ನಡುವೆ ಜಾಗ ಬಿಡಬೇಕಿತ್ತು, ಅಂಟಿಸಿದ ಹಾಗೆ ಕೂರಿಸಿಬಿಟ್ಟೆ. ಒಂದೇ ಇದ್ದಿದ್ರೆ ಹೇಗೋ ತಡ್ಕೊಳ್ತಿತ್ತು. ಕೆಳಗಿನದರ ಬಿಸಿ ಎಲ್ಲಾ ಮೇಲಿನದಕ್ಕೆ. ಪೆಟ್ಟಿಗೆ ಒಳಗಿನ ಸಣ್ಣ ಫ್ಯಾನ್‌ಗಳನ್ನೂ ಸದ್ದಾಗುತ್ತೆ ಅಂತ ನಿಧಾನ ಮಾಡಿದ್ದೆ. ಅದಕ್ಕೇ ಈ ಟೇಬಲ್ ಫ್ಯಾನ್ ಇಟ್ಟಿದ್ದು, ನಿಂಗೆ ಹೇಳ್ಬೇಕಿತ್ತು.”

“ಅಷ್ಟು ಬಿಸಿ ಆದ್ರೂ ಅದು ಯಾಕೆ ಕೂಗ್ಲಿಲ್ಲ?”

“ಫ್ಯಾನ್ ಇರೋ ಕಾರ್ಡಾಗಿದ್ರೆ ಜೋರಾಗಿ ತಿರುಗಿ ಗಲಾಟೆ ಮಾಡ್ತಿತ್ತು. ಇದು ಸುಮ್ನೆ ಇರುತ್ತೆ. ಆಗಲ್ಲ ಅನ್ನಿಸಿದಾಗ ಒಂದೇ ಸಲ ಆಫ್.”

ಅಪ್ಪ ಸ್ಟುಡಿಯೋಗೆ ಫೋನ್ ಮಾಡಿದ. “ಒಂದು ದಿನ ಟೈಮ್ ಕೊಡಿ ಸರ್” ಎಂದ. ಆ ಕಡೆಯವರು ಏನೋ ಹೇಳಿದರು. “ಹೌದು ಸರ್, ಬೇರೆಯವರು ಕೊಟ್ಟಿರ್ತಾರೆ... ಆಯ್ತು ಸರ್... ಪರವಾಗಿಲ್ಲ ಸರ್.” ಫೋನ್ ಇಟ್ಟ ಮೇಲೂ ಇನ್ನೊಮ್ಮೆ “ಪರವಾಗಿಲ್ಲ” ಎಂದ.

ಪಿಸುವಿಗೆ, ಅಪ್ಪ ಬೈದಿದ್ದರೆ ಎಷ್ಟೋ ವಾಸಿ ಅನ್ನಿಸಿತು. ಅಪ್ಪ ಬೈಯಲಿಲ್ಲ. ಕುರ್ಚಿಯಲ್ಲಿ ಕೂತು ನಿಂತುಹೋದ ಬಸವನಹುಳುವನ್ನೇ ನೋಡುತ್ತಿದ್ದ.

“ರೀ, ಊಟ ಬಡಿಸ್ಲಾ?” ಅಮ್ಮ ಕೇಳಿದಳು.

“ಹಸಿವಿಲ್ಲ ಕಣೇ.”

ಅಮ್ಮ ಮುಂದಿನ ಪಾಠದ ಪುಸ್ತಕ ಹಿಡಿದು ಡೇರೆಯೊಳಗೆ ಹೋದಳು. ಕಿಟಕಿ ಮುಚ್ಚಿಯೇ ಇತ್ತು. ಗಡಿಯಾರದ ಸೆಲ್ ಪಿಸುವಿನ ಜೇಬಿನಲ್ಲಿತ್ತು. ಆದರೆ ಡೇರೆಯೊಳಗಿಂದ ಪಾಠ ಕೇಳಲಿಲ್ಲ. ಏನೂ ಕೇಳಲಿಲ್ಲ.

“ಅಪ್ಪ, ಬೇಜಾರಾ?” ಪಿಸು ಪಿಸುಗುಟ್ಟಿದಳು.

“ಏನೂ ಇಲ್ಲ ಪುಟ್ಟಾ.”

ಪಿಸು ಅಪ್ಪನ ಬೆನ್ನ ಮೇಲೆ ಅಂಗೈ ಇಟ್ಟಳು. ಅಂಗಿ ಒದ್ದೆಯಾಗಿತ್ತು. ಒಳಗೆ ಬೆನ್ನು ಸುಡುತ್ತಿತ್ತು, ಸಣ್ಣಗೆ ನಡುಗುತ್ತಿತ್ತು. ಸದ್ದು ಮಾತ್ರ ಇರಲಿಲ್ಲ.

ಅವಳು ಕೈ ತೆಗೆಯಲಿಲ್ಲ. ಒಂದು ಸಲ ಪೆಟ್ಟಿಗೆಯನ್ನು ನೋಡಿದಳು, ಒಂದು ಸಲ ಅಲುಗದ ಕಂಬಳಿಯನ್ನು ನೋಡಿದಳು. “ಒಂದೇ ಸಲ ಆಫ್” ಅಂತ ಅಪ್ಪ ಹೇಳಿದ್ದು ನೆನಪಾಯಿತು. ಓಡಿಹೋಗಿ ಕಿಟಕಿಯ ಎರಡೂ ಬಾಗಿಲು ದಢಾರ್ ಅಂತ ತೆರೆದಳು. ಬೀದಿಯ ಹಾರ್ನು, ಯಾರದೋ ಜಗಳ, ನಾಯಿ ಬೊಗಳುವುದು, ಎಲ್ಲ ಒಟ್ಟಿಗೇ ಒಳಗೆ ನುಗ್ಗಿದವು. ಫ್ಯಾನ್ ಆನ್ ಮಾಡಿದಳು. ಅದನ್ನು ಕಂಪ್ಯೂಟರಿನ ಕಡೆಯಿಂದ ಅಪ್ಪನ ಕಡೆ ತಿರುಗಿಸಿದಳು.

“ಅಮ್ಮಾ! ಹೊರಗೆ ಬಾ!”

ಅಷ್ಟು ದೊಡ್ಡ ದನಿ ತನ್ನದೇ ಅಂತ ಅವಳಿಗೇ ನಂಬಲಾಗಲಿಲ್ಲ. ಟೀಚರ್ ಕೇಳಿದ್ದರೆ ಬೆಂಚು ಹತ್ತಿ ಕುಣಿಯುತ್ತಿದ್ದರು.

ಅಮ್ಮ ಕಂಬಳಿ ಸರಿಸಿ ಬಂದಳು. ಕಣ್ಣು ಕೆಂಪಗಿತ್ತು. ಬಂದವಳೇ ಅಪ್ಪನ ಹತ್ತಿರ ನಿಂತು ಅವನ ತಲೆಯನ್ನು ತನಗೆ ಒರಗಿಸಿಕೊಂಡಳು. ಆಗ ಅಪ್ಪ ಅತ್ತ. ಮಕ್ಕಳು ಅಳುವ ಹಾಗೆ, ಬಾಯಿ ತೆರೆದು, ಜೋರಾಗಿ ಅತ್ತ. ಪಿಸು ಅಪ್ಪ ಅಳುವುದನ್ನು ಅದುವರೆಗೆ ಕೇಳಿರಲಿಲ್ಲ. ಭಯವಾಯಿತು. ಬ್ಯಾಗು ಮಂಚದ ಕೆಳಗೇ ಇತ್ತು. ನಾಳೆ ಅದು ಅಪ್ಪನ ಜೊತೆ ಹೋಗುತ್ತದೆ ಅಂತ ಅವಳಿಗೆ ಗೊತ್ತಿತ್ತು.

ಫ್ಯಾನು ಕರ್ ಕರ್ ಅಂತ ತಿರುಗುತ್ತಿತ್ತು. ಮನೆಯಲ್ಲಿ ಯಾರೂ ಯಾರಿಗೂ “ಶ್ಶ್” ಅನ್ನಲಿಲ್ಲ. ಪಿಸು ಫ್ಯಾನಿಟ್ಟ ಸ್ಟೂಲನ್ನು ಅಪ್ಪ ಅಮ್ಮನ ಇನ್ನಷ್ಟು ಹತ್ತಿರಕ್ಕೆ ಎಳೆದಳು.