ವರನ ಹೆಸರಿಲ್ಲದ ಲಗ್ನಪತ್ರಿಕೆ

ಏಳು ವರ್ಷದ ಹಿಂದೆ, ಹೊರದೇಶಕ್ಕೆ ಕೂಲಿಗೆ ಹೊರಟಿದ್ದ ಬೈರೇಶ ದೇವನಹಳ್ಳಿ ಪಕ್ಕದ ವಿಜಯಪುರದ ಬಸ್ ಸ್ಟ್ಯಾಂಡಿನಲ್ಲಿ ಶಶಿರೇಖಾಗೆ ಮಾತು ಕೊಟ್ಟಿದ್ದ. "ಬಂದೇ ಬರ್ತೀನಿ ಕಣೆ. ನಿನ್ನ ಹೆಸರು, ನನ್ನ ಹೆಸರು ಒಂದೇ ಕಾಗದದಲ್ಲಿ ಹಾಕಿಸ್ತೀನಿ."

ಬಂದ. ಮದುವೆಯೂ ಗೊತ್ತಾಯಿತು. ಇವತ್ತು ಮಧ್ಯಾಹ್ನ ಪ್ರೆಸ್ಸಿನ ಚಿಕ್ಕವೆಂಕಟಪ್ಪ ಫೋನಿನಲ್ಲಿ ನಕ್ಕಿದ್ದ. "ಮದುಮಗನೇ ಬಂದು ತನ್ನ ಹೆಸರು ತೆಗೆಸವ್ನೆ ಕಣಮ್ಮ. ವರನ ಹೆಸರಿಲ್ಲದ ಲಗ್ನಪತ್ರಿಕೆ ನನ್ನ ಸರ್ವೀಸಲ್ಲೇ ನೋಡಿಲ್ಲ!"

ಶಶಿರೇಖಾ ದೇವನಹಳ್ಳಿಯ ಲಾಯರ್ ಪ್ರಮೋದಾ ಮೇಡಂ ಹತ್ತಿರ ಟೈಪಿಸ್ಟು. ಕೈಲಿದ್ದ ಫೈಲನ್ನು ಹಾಗೇ ಬ್ಯಾಗಿಗೆ ತುರುಕಿ ಬಸ್ ಹತ್ತಿದಳು.

ಬೈರೇಶ ನೂಲು ತೆಗೆಯುವ ರೀಲಿಂಗ್ ಶೆಡ್ಡಿನಲ್ಲಿದ್ದ. ಬಿಸಿನೀರಿನಲ್ಲಿ ರೇಷ್ಮೆಗೂಡುಗಳು ಕುಣಿಯುತ್ತಿದ್ದವು. ಎಳೆ ಹುಡುಕುವ ನೆಪದಲ್ಲಿ ಅವನು ತಲೆ ಎತ್ತಲಿಲ್ಲ. ಕಿವಿ ಮಾತ್ರ ಕೆಂಪಾಯಿತು.

"ಹೆಸರು ಹಾಕ್ಸೋಕೆ ನಾಚಿಕೇನಾ? ಇಲ್ಲ, ಬೇರೆ ಯಾರ್ದಾದ್ರೂ ಹಾಕ್ಸ್ಲಾ?"

"ಶಶಿ, ಮೆಲ್ಲಗೆ."

"ಮೆಲ್ಲಗೇ ಏಳು ವರ್ಷ ಕಾದಿದೀನಿ."

ಅವನು ಮೆಷಿನ್ ನಿಲ್ಲಿಸಿದ. "ನಿಮ್ಮಕ್ಕ ಆ ಕಾರ್ಡು ವಾಟ್ಸಾಪಲ್ಲಿ ಹಾಕ್ತಾಳೆ. ಹೆಸರು, ಊರು, ತಾರೀಕು. ಅಲ್ಲೀವ್ರಿಗೆ ಅಷ್ಟು ಸಾಕು."

"ಎಲ್ಲೀವ್ರಿಗೆ?"

ಹೇಳಿದ. ಅಲ್ಲಿ ಕೂಲಿಯವರ ಶೆಡ್ಡಿಗೆ ಹೊರಗಿನಿಂದ ಬೀಗ ಜಡಿದಿದ್ದರು. ಬೆಂಕಿ ಬಿದ್ದು ಆರು ಜನ ಹೋದರು. ಆ ಬೀಗದ ವಿಡಿಯೋ ಹಾಕಿದವನು ಇವನು. ದೇಶಕ್ಕೆ ಅವಮಾನ ಮಾಡಿದ ಅಂತ ಕೇಸು. ವಾರಂಟ್ ಬರುವ ಮೊದಲೇ ವಿಮಾನ ಹತ್ತಿಬಿಟ್ಟಿದ್ದ.

ಶಶಿರೇಖಾ ಬ್ಯಾಗಿನ ಮೇಲೆ ಕೈಯಿಟ್ಟಳು. ಅದೇ ದೇಶದ ಜೊತೆ ಹಸ್ತಾಂತರ ಒಪ್ಪಂದ ಆಗುವುದರಲ್ಲಿತ್ತು. ಅವರು ಕೇಳಿದವರನ್ನು ಇಲ್ಲಿಂದ ಹಿಡಿದು ಕಳಿಸಬೇಕು. ಬರೀ ಆಡಿದ ಮಾತಿನ ಕೇಸಿಗೂ. ಅದು ಬೇಡ ಅನ್ನುವ ಆಕ್ಷೇಪಣೆ ಪತ್ರವನ್ನೇ ಎರಡು ವಾರದಿಂದ ಅವಳು ಟೈಪ್ ಮಾಡುತ್ತಿದ್ದಳು. "ಇಂಥ ಕೇಸಿರೋರು ಒಬ್ರಾದ್ರೂ ಹೆಸರು ಕೊಡ್ಬೇಕಮ್ಮ, ಇಲ್ದಿದ್ರೆ ದಿಲ್ಲೀಲಿ ಯಾರು ನಂಬ್ತಾರೆ?" ಅನ್ನುತ್ತಿದ್ದರು ಮೇಡಂ. ಒಬ್ಬರೂ ಸಿಕ್ಕಿರಲಿಲ್ಲ. ನಾಳೆ ಕಡೇ ದಿನ.

ಹೆಸರು ಕೊಟ್ಟರೆ ಇವನು ಸಿಕ್ಕಿಬೀಳಬಹುದು. ಕೊಡದಿದ್ದರೆ ಜನ್ಮಪೂರ್ತಿ ಬಚ್ಚಿಟ್ಟುಕೊಂಡೇ ಇರುವ ಗಂಡ.

ಪತ್ರ ತೆಗೆದು ಅವನ ಮುಂದಿಟ್ಟಳು. ಓದಿದ. ವಿಮಾನವೊಂದು ತಗ್ಗಿನಲ್ಲಿ ಹಾದು ಶೆಡ್ಡಿನ ತಗಡು ಅದುರಿತು.

"ನನ್ನ ಕರ್ಕೊಂಡೋದ್ರೆ?"

"ಹೆಸರು ಹಾಕು ಅನ್ನಲ್ಲ ನಾನು. ಬೇಡ ಅಂತ್ಲೂ ಅನ್ನಲ್ಲ. ನಂದು ಹಾಕ್ತೀನಿ, ಅಷ್ಟೇ." ಪತ್ರದ ಕೊನೆಗೆ ತನ್ನ ಹೆಸರು ಹಾಕಿ, ಪೆನ್ನನ್ನು ಅಲ್ಲೇ ಬಿಟ್ಟಳು.

ಬೈರೇಶ ಪೆನ್ನನ್ನೇ ನೋಡುತ್ತ ನಿಂತ. "ಕೈ ಒದ್ದೆ."

ಬಿಸಿನೀರಿಗೆ ಸುಕ್ಕಾದ ಆ ಬೆರಳುಗಳನ್ನು ಅವಳು ಒಂದೊಂದಾಗಿ ವೇಲಿನಿಂದ ಒರೆಸಿದಳು. ಕಿರುಬೆರಳನ್ನು ಎರಡು ಸಲ ಒರೆಸಿದಳು.

"ಅಳ್ತಿದೀಯಾ?"

"ಹಬೆ ಕಣೋ."

"ಅವ್ರು ಬಂದ್ರೆ ಏನ್ಮಾಡ್ತೀಯೆ?"

"ಬರ್ಲಿ. ಮೊದ್ಲು ನನ್ನ ಜೊತೆ ಮಾತಾಡ್ಲಿ."

ಅವನು ನಕ್ಕ. ಬರೆದ: ಬೈರೇಶ್, ಅಪ್ಪಯ್ಯಣ್ಣನ ಮಗ, ವಿಜಯಪುರ. "ಚಿಕ್ಕವೆಂಕಟಪ್ಪಂಗೂ ಇದೇ ಹೆಸರು ಕೊಡು. ಹಾಕ್ಲಿ."

ಮಾರನೇ ದಿನ ಪತ್ರ ದಿಲ್ಲಿಗೆ ಹೋಯಿತು. ಒಪ್ಪಂದ ಏನಾಗುತ್ತದೋ ಯಾರಿಗೂ ಗೊತ್ತಿರಲಿಲ್ಲ. ಅವಳ ಹೆಸರು, ಅದರ ಕೆಳಗೆ ಅವನ ಹೆಸರು, ಒಂದೇ ಕಾಗದದಲ್ಲಿದ್ದವು. ಬೈರೇಶ ಮಾತು ಉಳಿಸಿಕೊಂಡ.